ಸಾಸಿವೆ ಡಬ್ಬಿಯ ರೂಪಾಯಿ

ನಮ್ಮ ಮನೆಯಲ್ಲಿ ಬೆಳ್ಳಿಯ ಬಣ್ಣ ಯಾವುದು ಎಂದು ಕೇಳಿದರೆ ನಾಲ್ಕು ಉತ್ತರ ಸಿಗುತ್ತಿತ್ತು. ಅಪ್ಪನ ಅವ್ವ, ನಮ್ಮಜ್ಜಿಗೆ ಬೆಳ್ಳಿಯೆಂದರೆ ಬೆಳ್ಳಗೇ ಇರಬೇಕು. ಇಲ್ಲದಿದ್ದರೆ ಅದು ಆ ಮನೆಯ ಹೆಣ್ಣುಮಕ್ಕಳ ಸೋಮಾರಿತನ. ಅಪ್ಪನಿಗೆ ಹಳೆಯ ಬೆಳ್ಳಿ ರೂಪಾಯಿ ಒಂದೇ ಸಮನಾದ ಬೂದುಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಒಂದಿಷ್ಟು ಜೇನಿನ ಛಾಯೆ ಇದ್ದರೆ ಸಾಕು, ಅದಕ್ಕಿಂತ ಹೆಚ್ಚು ಬಣ್ಣ ಕಂಡರೆ ಅನುಮಾನ. ಅವ್ವನ ತಮ್ಮ ಚಿಕ್ಕಣ್ಣ ಮಾವನಿಗೆ ನೀಲಿ, ನೇರಳೆ, ನವಿಲುಗರಿಯ ಹಸಿರು ಎಲ್ಲವೂ ಬೇಕು. ಅವ್ವನನ್ನು ಕೇಳಿದರೆ, 'ಬೆಳ್ಳಿ ಅಂದ್ರೆ ಬೆಳ್ಳಿ, ಒಗ್ಗರಣೆ ಸೀಯ್ತಾ ಅದೆ, ಎದ್ದೋಗಿ ಅತ್ಲಾಗೆ' ಎನ್ನುತ್ತಿದ್ದಳು. ಈ ನಾಲ್ವರ ನಡುವೆ ಬೆಳೆದ ನನಗೆ ಯಾವ ಬಣ್ಣ ಇಷ್ಟ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಆ ವಾರ ಯಾರ ಪಕ್ಕ ಕೂತು ಊಟ ಮಾಡಿದ್ದೆನೋ ಅವರದ್ದೇ ಬಣ್ಣ ಹೇಳುತ್ತಿದ್ದೆ.

ಈಗ ಮಾವನ ಮೊಮ್ಮಗನಿಗೂ ಅದೇ ಹುಚ್ಚು. ಅವನ ಫೋನಿನಲ್ಲಿ ನಾಣ್ಯದವರದ್ದೇ ಒಂದು ಗುಂಪಿದೆ. ಒಬ್ಬ ಫೋಟೋ ಹಾಕುತ್ತಾನೆ, ಇಪ್ಪತ್ತು ಜನ ಜಗಳಕ್ಕೆ ಬರುತ್ತಾರೆ. ಬಣ್ಣ ತಾನಾಗಿ ಬಂದದ್ದು ಅಂತ ಅರ್ಧ ಜನ, ಕೆಮಿಕಲ್ ಹಾಕಿ ತರಿಸಿದ್ದು ಅಂತ ಇನ್ನರ್ಧ. ಮೊನ್ನೆ ಬಂದವನು ನನಗೂ ತೋರಿಸಿ, 'ಅಜ್ಜಿ, ನೀವು ಹೇಳಿ, ಇದು ನಿಜವಾದ ಬಣ್ಣಾನಾ?' ಎಂದ. ಕನ್ನಡಕ ಏರಿಸಿ ನೋಡಿದೆ. ಹನಗೋಡಿನ ನಮ್ಮ ಜಗಲಿಯಲ್ಲಿ ವಾರವಾರ ನಡೆಯುತ್ತಿದ್ದದ್ದೂ ಇದೇ, ಫೋನಿನಲ್ಲಿ ಕೋಳಿಸಾರಿನ ವಾಸನೆಯೊಂದು ಕಮ್ಮಿ. ಗೊತ್ತಿಲ್ಲ ಕಣಪ್ಪ ಎಂದು ಫೋನು ವಾಪಸ್ ಕೊಟ್ಟೆ. ಆ ಪ್ರಶ್ನೆಗೆ ಸುಲಭವಾಗಿ ಉತ್ತರ ಕೊಡುವ ಧೈರ್ಯ ನನಗೆ ಹನ್ನೊಂದನೇ ವಯಸ್ಸಿನಲ್ಲೇ ಹೋಗಿದೆ.

ನಮ್ಮದು ಪೂರ್ವಕ್ಕೆ ಮುಖ ಮಾಡಿದ ಹೆಂಚಿನ ಮನೆ. ಮುಂದೆ ಜಗಲಿ, ಒಳಗೆ ನಡುಮನೆ, ಅದರಾಚೆ ಕತ್ತಲು ಕತ್ತಲಾದ ಅಡುಗೆಮನೆ. ಅಡುಗೆಮನೆಗೆ ಒಂದೇ ಒಂದು ಗವಾಕ್ಷಿ. ಹೊಗೆ ಹೋಗುವುದೂ ಬೆಳಕು ಬರುವುದೂ ಅದರಲ್ಲೇ, ಇಬ್ಬರಿಗೂ ಯಾವಾಗಲೂ ತಿಕ್ಕಾಟ. ಹಿತ್ತಲಾಚೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು, ಅದರಾಚೆ ಗದ್ದೆ, ಅದರಾಚೆ ಲಕ್ಷ್ಮಣತೀರ್ಥ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಮಾವ ಕೆ.ಆರ್. ನಗರದಿಂದ ಬರುತ್ತಿದ್ದ. ಕಂಕುಳಲ್ಲಿ ಬಡಗಿಯ ಹತ್ತಿರ ಮಾಡಿಸಿದ ಮರದ ತಟ್ಟೆ, ಅದರಲ್ಲಿ ಸಾಲಾಗಿ ದುಂಡನೆಯ ಗುಳಿಗಳು, ಒಂದೊಂದು ಗುಳಿಯಲ್ಲಿ ರಾಣಿಯ ಮುಖ ಒತ್ತಿದ ಒಂದೊಂದು ಹಳೆಯ ಬೆಳ್ಳಿ ರೂಪಾಯಿ. ಬಂದವನು ಮೊದಲು ಕೈಕಾಲು ತೊಳೆದು, ಕೈಯನ್ನು ಚೆನ್ನಾಗಿ ಒರೆಸಿ, ಆಮೇಲೆ ಅಕ್ಕನನ್ನು ಮಾತಾಡಿಸುತ್ತಿದ್ದ. ಅಪ್ಪ ಅಟ್ಟದಿಂದ ತನ್ನ ನಾಣ್ಯದ ಪೆಟ್ಟಿಗೆ ಇಳಿಸುತ್ತಿದ್ದ. ಜಗಲಿಗೆ ಬಿಸಿಲು ಓರೆಯಾಗಿ ಬೀಳುವುದು ಒಂದು ಗಂಟೆ ಹೊತ್ತು ಮಾತ್ರ, ಬಣ್ಣ ನೋಡಬೇಕಾದರೆ ಆ ಬಿಸಿಲೇ ಬೇಕು. ನಾನು ನಡುವೆ ಕೂರುತ್ತಿದ್ದೆ. ನಾಣ್ಯದ ಮೈ ಮುಟ್ಟಬಾರದು, ಅಂಚು ಹಿಡಿಯಬೇಕು. ಅಕ್ಷರ ಕಲಿಯುವ ಮೊದಲೇ ನನಗೆ ಇದು ಬಂದಿತ್ತು.

'ನೋಡಿ ಬಾವ ಈ ನೀಲಿಯ. ಇದ ನೋಡಿದ್ಮೇಲೆ ಊಟ ಬೇಕಾ ಮನ್ಸನಿಗೆ?'

'ನಿನ್ ತಮ್ಮಂಗೆ ಊಟ ಬ್ಯಾಡ್ವಂತೆ ಕಣೇ ಜಯಮ್ಮಾ, ಮುದ್ದೆ ಒಂದು ಕಮ್ಮಿ ಮಾಡು!' ಅಪ್ಪ ಒಳಗೆ ಕೂಗುತ್ತಿದ್ದ. ಆಮೇಲೆ ತನ್ನ ಬೂದುಬಣ್ಣದ ರೂಪಾಯಿಯೊಂದನ್ನು ಅಂಗೈಯಲ್ಲಿಟ್ಟು, 'ಇದ ನೋಡಯ್ಯ. ಮಾತಾಡದೆ ಕೂತವ್ಳೆ ರಾಣಿ. ನಿನ್ನೋಳು ನಾಟಕದೋಳು ಇದ್ದಂಗವ್ಳೆ.'

'ನಿಮ್ಮ ರಾಣಿ ಬೂದಿ ಬಳ್ಕಂಡು ಕೂತವ್ಳೆ ಬಾವ, ಮಾತಾಡೋಕೆ ಬಾಯಿ ಎಲ್ಲದೆ?'

ಬೆಳ್ಳಿ ಸುಮ್ಮನೆ ಇಟ್ಟರೂ ಸುಮ್ಮನೆ ಇರುವುದಿಲ್ಲ. ಗಾಳಿಗೆ, ಹೊಗೆಗೆ, ಸುತ್ತಿಟ್ಟ ಬಟ್ಟೆಗೆ, ಕಾಗದಕ್ಕೆ ತಾಗಿ ವರ್ಷಗಟ್ಟಲೆ ಮೆಲ್ಲಗೆ ಬಣ್ಣ ತಿರುಗುತ್ತದೆ. ಮೊದಲು ಹೊಂಬಣ್ಣ, ಆಮೇಲೆ ಕೆಂಪು, ನೇರಳೆ, ನೀಲಿ, ಕೊನೆಗೆ ಕಪ್ಪು. ಅಪ್ಪ ಇದಕ್ಕೆ 'ಹಣ್ಣಾಗೋದು' ಎನ್ನುತ್ತಿದ್ದ. ಹೊಗೆಸೊಪ್ಪಿಗೂ ಅವನದು ಅದೇ ಮಾತು. ಗಿಡದಲ್ಲೇ ಹಣ್ಣಾದ ಎಲೆಗೆ ಬ್ಯಾರನ್ನಿನ ಶಾಖ ಹದವಾಗಿ ತಾಗಿದರೆ ನಿಂಬೆಯ ಹಳದಿ ಬರುತ್ತದೆ. ಅವಸರಪಟ್ಟು ಬೆಂಕಿ ಏರಿಸಿದರೆ ಎಲೆಯ ಮೇಲೆ ಸೀದ ಚುಕ್ಕಿ ಬೀಳುತ್ತದೆ. ಎಲೆಯನ್ನು ಕೈಗೆತ್ತಿಕೊಂಡು ಒಂದು ಸಲ ಕಣ್ಣಾಡಿಸಿ ಇದು ಹಣ್ಣಾದದ್ದು, ಇದು ಬೇಯಿಸಿದ್ದು ಎಂದು ಅಪ್ಪ ಹೇಳಿಬಿಡುತ್ತಿದ್ದ, ತಪ್ಪಿದ್ದೇ ಇಲ್ಲ. ಆಚೆ ಬೀದಿಯವನೊಬ್ಬ ಬ್ಯಾರನ್ನಿನ ಕಾದ ಕೊಳವೆಯ ಮೇಲೆ ರೂಪಾಯಿ ಇಟ್ಟು ಬಣ್ಣ ಬರಿಸಿ, ತಾತನ ಕಾಲದ್ದು ಅಂತ ತಂದು ತೋರಿಸಿದಾಗಲೂ ಅಪ್ಪನೇ ಹಿಡಿದದ್ದು. ತನ್ನ ಕಣ್ಣಿನ ಮೇಲೆ ಅವನಿಗೆ ಮನೆದೇವರ ಮೇಲಿದ್ದಷ್ಟೇ ನಂಬಿಕೆ ಇತ್ತು. ಊರಿಗೂ ಇತ್ತು.

ಅಜ್ಜಿಗೆ ಈ ಯಾವ ಪುರಾಣವೂ ಬೇಡ. ದೀಪಾವಳಿಗೆ ಮೂರು ದಿನ ಇರುವಾಗ ಹುಣಸೆಹಣ್ಣು ನೆನೆಸಿ, ಒಲೆಯ ಬೂದಿ ಜರಡಿ ಹಿಡಿದು ಹಿತ್ತಲಲ್ಲಿ ಕೂತರೆ ಮನೆಯ ಬೆಳ್ಳಿಯೆಲ್ಲ ಬಿಳಿಚಿಕೊಂಡು ಏಳುತ್ತಿತ್ತು. ಒಂದು ವರ್ಷ ಅಪ್ಪ ಜಗಲಿಯಲ್ಲಿ ಮರೆತು ಹೋಗಿದ್ದ ಎರಡು ರೂಪಾಯಿಗಳೂ ಆ ಬೂದಿಗೆ ಸಿಕ್ಕವು. ಅಪ್ಪ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಅಜ್ಜಿ ಮಾತ್ರ ಬಂದವರಿಗೆಲ್ಲ, 'ಕಿಲುಬು ಹಿಡಿಸ್ಕಂಡು ಕೂತಿದ್ದ, ಉಜ್ಜಿ ಕೊಟ್ರೆ ಕ್ವಾಪ ನೋಡಿ ನಮ್ಮಪ್ಪಂಗೆ' ಎಂದು ಹೇಳಿಕೊಂಡು ಓಡಾಡಿದಳು. ಅಪ್ಪನ ಪೆಟ್ಟಿಗೆ ಅಟ್ಟ ಹತ್ತಿದ್ದು ಆಗಲೇ. ಮನೆಯಲ್ಲಿ ಇನ್ನೆಲ್ಲಾದರೂ ಹಳೆಯ ಬೆಳ್ಳಿ ಇದ್ದರೆ ಕೊಟ್ಟುಬಿಡಿ, ನಾನೇ ಕಾಪಾಡುತ್ತೇನೆ ಎಂದು ಅಪ್ಪ ಎಲ್ಲರನ್ನೂ ಕೇಳಿದ. ಅವ್ವ ಒಲೆಯ ಕಡೆ ತಿರುಗಿಕೊಂಡೇ, ನನ್ನ ತಾವ ಏನೂ ಇಲ್ಲ ಎಂದಳು.

ಅವ್ವ ಹೇಳಿದ್ದು ಸುಳ್ಳು. ಅದು ನನಗೆ ಗೊತ್ತಾದದ್ದು ಹನ್ನೊಂದನೇ ವಯಸ್ಸಿನಲ್ಲಿ, ಒಂದು ಭಾನುವಾರ. ಅಪ್ಪ ಗದ್ದೆಗೆ ನೀರು ಕಟ್ಟಲು ಹೋಗಿದ್ದ, ಅಜ್ಜಿ ಹಿತ್ತಲಲ್ಲಿ ಹುರುಳಿ ಕೇರುತ್ತಿದ್ದಳು. ಮಾವ ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಬಸ್ಸಾರಿಗೆ ಒಗ್ಗರಣೆ ಹಾಕಲು ಅವ್ವ ಸಾಸಿವೆ ಡಬ್ಬಿ ತೆಗೆದಳು. ತಳ ಕಂಡಿದ್ದ ಡಬ್ಬಿಯನ್ನು ಅಂಗೈಗೆ ಬಗ್ಗಿಸಿದಾಗ ನಾಲ್ಕು ಕಾಳಿನ ಜೊತೆ ಒಂದು ರೂಪಾಯಿಯೂ ಬಿತ್ತು. ಅವ್ವ ಮುಷ್ಟಿ ಮುಚ್ಚುವ ಮೊದಲೇ ಮಾವ ನೋಡಿಬಿಟ್ಟ. ಅಂಚು ಹಿಡಿದು ಗವಾಕ್ಷಿಯ ಬೆಳಕಿಗೆ ಒಯ್ದ. ನಾನೂ ಹಿಂದೆಯೇ ಹೋದೆ. ಅಂಚಿನಲ್ಲಿ ಗಾಢ ನೀಲಿ, ಒಳಕ್ಕೆ ಬರುತ್ತಾ ನೇರಳೆ, ಆಮೇಲೆ ಕೆಂಪು, ನಡುವೆ ರಾಣಿಯ ಕೆನ್ನೆ ಮಾತ್ರ ಮಾಗಿದ ಬಾಳೆಹಣ್ಣಿನ ಬಣ್ಣ. ನೀಲಿಯ ಮೇಲೆಲ್ಲ ಸಣ್ಣ ಸಣ್ಣ ದುಂಡು ಚುಕ್ಕಿ. ಮಾವ ಅದನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದ.

'ಅಕ್ಕಾ, ಯಾರದ್ದು ಇದು?'

'ನನ್ನದೇ ಕಣೋ. ಮದುವೇಲಿ ಅವ್ವ ಮಡಿಲಕ್ಕಿ ಜೊತೆ ಆಕಿದ್ದು. ಈ ಮನೆಗೆ ಬಂದ ದಿನದಿಂದ ಸಾಸ್ವೆ ಒಳಗೇ ಅದೆ. ಹೊರಗಿಟ್ರೆ ಅತ್ತೆ ಉಜ್ತಾರೆ, ಇಲ್ಲಾ ಇವ್ರು ಪೆಟ್ಟಿಗೆಗೆ ಆಕ್ಕತ್ತಾರೆ. ನನ್ನದು ಅಂತ ಒಂದಿರ್ಲಿ ಅಂತ ಮಡಗಿದ್ದೆ.'

ಮಾವ ಅದನ್ನು ಹಿಂದಕ್ಕೆ ಕೊಡಲು ಕೈ ಚಾಚಿದ, ಆದರೆ ಬೆರಳು ಬಿಡಲಿಲ್ಲ. ಅವರ ಅವ್ವ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಅವ್ವ ತಮ್ಮನ ಮುಖವನ್ನೇ ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಹೊಗೆಗೆ ಅಂತ ನಾನು ಆಗ ಅಂದುಕೊಂಡೆ.

'ತಗಂಡೋಗು. ಅವ್ವನ್ನ ಕೊನೇಗಂಟ ನೋಡ್ಕಂಡೋನು ನೀನು. ಆದ್ರೆ ಅಕ್ಕ ಕೊಟ್ಟದ್ದು ಅಂತ ಯಾರ್ಗೂ ಯೋಳ್ಬ್ಯಾಡ.'

'ನನ್ ಪ್ರಾಣ ಓದ್ರೂ ಯೋಳಲ್ಲ.'

ಅವ್ವ ನನ್ನ ಕಡೆ ತಿರುಗಿ, 'ನಿಂಗೂ ಅಷ್ಟೆ ಮಗ' ಎಂದಳು. ನಾನು ತಲೆಯಾಡಿಸಿದೆ. ಅವ್ವನ ಭಯ ನನಗೆ ಅರ್ಥವಾಗುತ್ತಿತ್ತು. ನಮ್ಮ ಬೀದಿಯಲ್ಲೇ ಒಬ್ಬ ಸೊಸೆ ಅಣ್ಣನಿಗೆ ಒಂದು ಸೇರು ಎಳ್ಳು ಕಟ್ಟಿಕೊಟ್ಟಳೆಂದು, ಗಂಡನ ಮನೆಯದ್ದನ್ನು ತವರಿಗೆ ಸಾಗಿಸುವವಳು ಎಂಬ ಹೆಸರು ಅಂಟಿತ್ತು. ಅವಳಿಗೆ ಮೊಮ್ಮಕ್ಕಳಾದರೂ ಆ ಹೆಸರು ಹೋಗಿರಲಿಲ್ಲ.

ಮಾವ ಆ ರೂಪಾಯಿಯನ್ನು ಮನೆಯಲ್ಲಿ ಬಿಟ್ಟು ಬರಬೇಕಿತ್ತು. ಆರೇಳು ವಾರ ಬಿಟ್ಟೂ ಬಂದ. ಆದರೆ ನಾಣ್ಯದ ಹುಚ್ಚಿನವರಿಗೆ ಇಟ್ಟುಕೊಳ್ಳುವುದರಲ್ಲಿ ಅರ್ಧ ಸುಖ, ಉಳಿದರ್ಧ ಇನ್ನೊಬ್ಬ ಹುಚ್ಚನಿಗೆ ತೋರಿಸುವುದರಲ್ಲಿ. ಒಂದು ಭಾನುವಾರ ತಟ್ಟೆಯ ಕೊನೆಯ ಗುಳಿಯ ಮೇಲೆ ಹತ್ತಿ ಮುಚ್ಚಿತ್ತು. ಅಪ್ಪ ಹತ್ತಿ ಎತ್ತಿದ. ಬಹಳ ಹೊತ್ತು ನೋಡಿದ. ಬಿಸಿಲಿಗೆ ಓರೆ ಹಿಡಿದ, ತಿರುಗಿಸಿದ, ಆ ಚುಕ್ಕಿಗಳ ಹತ್ತಿರ ಕಣ್ಣು ಒಯ್ದ.

'ಎಲ್ಲೀದು?'

'ಒಬ್ರು ಕೊಟ್ರು ಬಾವ.'

'ಯಾರು?'

'ಅದ ಯೋಳಕ್ಕಾಗಲ್ಲ.'

'ಯೋಳಕ್ಕಾಗಲ್ಲ ಅಂದ್ರೆ ಯೋಳೋ ಅಂಥದ್ದಲ್ಲ ಅಂತ. ಸೀದ ಚುಕ್ಕಿ ನೋಡಿಲ್ವ ನಾನು? ಇದು ಹಣ್ಣಾಗಿದ್ದಲ್ಲ ಕಣಯ್ಯ, ಬೇಯ್ಸಿದ್ದು. ಆಸೆಗೆ ಬಿದ್ದು ನೀನೂ ಆ ಕೆಲ್ಸಕ್ಕೆ ಇಳಿದ್ಯಾ?'

'ಬಾವ, ಬೆಂಕಿ ತಾಗಿಲ್ಲ ಇದಕ್ಕೆ. ನನ್ ಮಾತು ನಂಬಿ.'

'ಅಂಗಾರೆ ಯಾರು ಕೊಟ್ರು ಯೋಳು.'

ಮಾವ ಬಾಗಿಲ ಕಡೆ ನೋಡಿದ. ಅಲ್ಲಿ ಅವ್ವ ಮುದ್ದೆಯ ತಟ್ಟೆ ಹಿಡಿದು ನಿಂತಿದ್ದಳು. ಅವಳ ಹಿಂದೆ ಅಜ್ಜಿ. ಮಾವ ಮತ್ತೆ ತಲೆ ತಗ್ಗಿಸಿ ರೂಪಾಯಿಯನ್ನು ಗುಳಿಗಿಟ್ಟು ಹತ್ತಿ ಮುಚ್ಚಿದ. ಅಪ್ಪ ಆಗ ಒಂದು ಮಾತು ಆಡಿದ. ಸುಳ್ಳು ಬಣ್ಣ ತಂದು ತೋರಿಸುವವನ ಜೊತೆ ಒಂದೇ ಚಾಪೆಯಲ್ಲಿ ಕೂರುವುದಿಲ್ಲ ಎಂದ. ಮಾವ ಎದ್ದ. ಕೋಳಿಸಾರು ಬಡಿಸಿಟ್ಟ ಮನೆಯಿಂದ, ಅಕ್ಕನ ಮನೆಯಿಂದ, ಉಣ್ಣದೆ ಎದ್ದು ಹೋದ. ಅವ್ವ ಬೀದಿ ತಿರುವಿನತನಕ ಹಿಂದೆ ಹೋಗಿ ಬರಿಗೈಯಲ್ಲಿ ವಾಪಸ್ ಬಂದಳು. ಅವಳ ಮುಖ ನೋಡಲಾರದೆ ನಾನು ಹಿತ್ತಲಿಗೆ ಓಡಿದೆ.

ಅಲ್ಲಿಂದ ಭಾನುವಾರಗಳು ಸತ್ತವು. ಮೊದಲ ಬಸ್ಸು ಬಂದು ಹೋಗುವ ಸದ್ದಿಗೆ ಅವ್ವನ ಕೈ ಒಂದು ಗಳಿಗೆ ನಿಂತು ಮತ್ತೆ ಕೆಲಸಕ್ಕೆ ಹತ್ತುತ್ತಿತ್ತು. ಅಪ್ಪ ಪೆಟ್ಟಿಗೆ ಇಳಿಸಲೇ ಇಲ್ಲ. ಜಗಲಿಗೆ ಬಿಸಿಲು ಬಿದ್ದು ಎದ್ದು ಹೋಗುತ್ತಿತ್ತು. ನನಗೆ ಗೊತ್ತಿತ್ತು. ಒಂದು ಮಾತು ಆಡಿದ್ದರೆ ಮಾವನ ಮೇಲಿನ ಕಳಂಕ ಹೋಗುತ್ತಿತ್ತು, ಅದೇ ಮಾತಿಗೆ ಅವ್ವನ ಮೇಲೆ ಬೇರೆಯದು ಬರುತ್ತಿತ್ತು. ಅಪ್ಪ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೋಗುವಾಗೆಲ್ಲ ಈಗ ಹೇಳಿಬಿಡಲೇ ಎನ್ನಿಸುತ್ತಿತ್ತು. ಹೇಳಲಿಲ್ಲ. ಮುಂದೆ ಮೂವತ್ತು ವರ್ಷ ಶಾಲೆಯ ಟೀಚರಮ್ಮನಾಗಿ ಎಷ್ಟೋ ಬಳಪದ ಕಳ್ಳತನದ ತನಿಖೆ ಮಾಡಿದ್ದೇನೆ. ಬಾಯಿ ಬಿಡದೆ ನಿಂತ ಮಗುವನ್ನು ಕಳ್ಳ ಅಂತ ಮಾತ್ರ ಒಮ್ಮೆಯೂ ಅಂದಿಲ್ಲ. ನನ್ನಲ್ಲಿರುವ ಅಷ್ಟಿಷ್ಟು ತಾಳ್ಮೆ ಆ ಬೇಸಿಗೆಯ ಸಂಪಾದನೆ.

ಗೌರಿ ಹಬ್ಬ ಬಂತು. ಪ್ರತಿ ವರ್ಷ ಮಾವನೇ ಸೀರೆ, ಬಳೆ, ತೆಂಗಿನಕಾಯಿ ಹಿಡಿದು ಬಾಗಿನ ತರುತ್ತಿದ್ದ. ಆ ವರ್ಷ ಅವನ ಊರಿನವನೊಬ್ಬ ಬಂದು ಜಗಲಿಯಲ್ಲಿ ಚೀಲವಿಟ್ಟು, 'ಚಿಕ್ಕಣ್ಣ ಕೊಟ್ಟು ಕಳ್ಸವ್ನೆ, ಉಷಾರಿಲ್ವಂತೆ' ಎಂದು ನೀರೂ ಕುಡಿಯದೆ ಹೋದ. ಅಜ್ಜಿ ಚೀಲ ನೋಡಿ, ಒಡಹುಟ್ಟಿದವನು ಹೊಸಿಲು ತುಳಿಯದೆ ಬಾಗಿನ ಕಳಿಸಿದರೆ ಅದು ಎಂಥ ಬಾಗಿನ ಎಂದು ಗೊಣಗಿದಳು. ಸೊಪ್ಪು ಬೇಯಿಸುವ ಕಾಲ. ಅಪ್ಪ ಬ್ಯಾರನ್ನಿಗೆ ಬೆಂಕಿ ಹಾಕಿ ಕಣ್ಣು ಕೆಂಪು ಮಾಡಿಕೊಂಡು ಆಗಷ್ಟೇ ಒಳಗೆ ಬಂದಿದ್ದ. ಅವ್ವ ಚೀಲವನ್ನು ಮುಟ್ಟಲಿಲ್ಲ. ಒಳಗೆ ಹೋಗಿ ಸಾಸಿವೆ ಡಬ್ಬಿ ತಂದು ನಡುಮನೆಯಲ್ಲಿ ಇಬ್ಬರ ಮುಂದೆ ಇಟ್ಟಳು.

'ಆ ರೂಪಾಯಿ ಕೊಟ್ಟೋಳು ನಾನು. ಬ್ಯಾರನ್ನಲ್ಲಿ ಬೇಯ್ಸಿದ್ದಲ್ಲ ಅದು. ಇದರೊಳಗಿತ್ತು, ನಮ್ಮವ್ವ ಮಡಿಲಿಗೆ ಆಕಿದ ದಿನದಿಂದ. ಇಲ್ಲ ಅಂತ ನಿಮ್ಗೆ ಸುಳ್ಳು ಯೋಳಿದ್ದೆ. ತವರಿಗೆ ಸಾಗ್ಸಿದೆ ಅಂತೀರೋ, ಅನ್ನಿ. ನನ್ ತಮ್ಮನ್ನ ಮಾತ್ರ ಮೋಸಗಾರ ಅನ್ಬ್ಯಾಡಿ. ನನ್ ಮಾತಿಗೆ ಬಾಯಿ ಕಟ್ಕಂಡು ಕೂತವ್ನೆ ಅವ್ನು.'

ಅವಳ ದನಿ ಕೊನೆಗೆ ಒಡೆಯಿತು. ನಾನು ಅಜ್ಜಿಯನ್ನೇ ನೋಡುತ್ತಿದ್ದೆ. ನಾವು ಇಷ್ಟು ತಿಂಗಳು ಹೆದರಿ ಸತ್ತದ್ದು ಅವಳ ಬಾಯಿಗೆ ತಾನೆ? ಅಜ್ಜಿ ಗೋಡೆಗೆ ಒರಗಿದ್ದವಳು ನೆಟ್ಟಗೆ ಕೂತಳು. ಬೈದಳು, ಆದರೆ ತನ್ನ ಮಗನನ್ನು.

'ಮಡಿಲಿಗೆ ಆಕಿದ್ದು ಅವಳದು ಕಣ್ಲಾ. ಅದ ತಮ್ಮಂಗಾರ ಕೊಡ್ತಾಳೆ, ಬಾವಿಗಾರ ಎಸೀತಾಳೆ. ಕೇಳೋಕೆ ನೀನ್ಯಾರ್ಲಾ? ನಾನ್ಯಾರು?' ಆಮೇಲೆ ಸೊಸೆಯ ಕಡೆ ತಿರುಗಿ, 'ನನ್ ತಾವಾದ್ರೂ ಒಂದು ಮಾತು ಯೋಳದಲ್ವ? ನಾನೇನು ಹುಲಿನಾ?' ಎಂದಳು. ಹುಲಿ ಅಂತಲೇ ತಿಳಿದಿದ್ದ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಅಪ್ಪ ಡಬ್ಬಿಯ ಮುಚ್ಚಳ ತೆಗೆದು ನಾಲ್ಕು ಕಾಳು ಅಂಗೈಗೆ ಹಾಕಿಕೊಂಡ. ಹೆಬ್ಬೆರಳಿನಲ್ಲಿ ಅವನ್ನು ಅಂಗೈಗೆ ಒತ್ತಿ, ಚರ್ಮದ ಮೇಲೆ ಮೂಡಿದ ಸಣ್ಣ ದುಂಡು ಗುರುತುಗಳನ್ನು ನೋಡುತ್ತಾ ಕೂತ. 'ಚುಕ್ಕಿ' ಎಂದ, ತನಗೇ ಹೇಳಿಕೊಳ್ಳುವಂತೆ. 'ಕಾಳು ತಾಗಿದ ಕಡೆ ಚುಕ್ಕಿ. ಸೀದದ್ದಲ್ಲ.' ತನ್ನ ಕಣ್ಣು ತಪ್ಪಿದ್ದನ್ನು ಅಪ್ಪ ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಆ ಒಂದೇ ಸಲ. ಆಮೇಲೆ ಎದ್ದು ಬ್ಯಾರನ್ನಿನ ಬೆಂಕಿಯನ್ನು ಪಕ್ಕದ ಹೊಲದವರ ಕೈಗೆ ಒಪ್ಪಿಸಿದ. ಬೇಯುವ ಸೊಪ್ಪನ್ನು ಬೇರೆಯವರಿಗೆ ಬಿಟ್ಟು ಅಪ್ಪ ಊರು ದಾಟಿದವನೇ ಅಲ್ಲ. ಮುಖ ತೊಳೆದು ಅಂಗಿ ಹಾಕಿಕೊಂಡು, 'ಹೊರಡು ಜಯಮ್ಮ, ಮಗಳ್ನೂ ಕರ್ಕೊ' ಎಂದ.

ಹುಣಸೂರಿನಲ್ಲಿ ಬಸ್ಸು ಬದಲಿಸಿ ಕೆ.ಆರ್. ನಗರ ಸೇರುವ ಹೊತ್ತಿಗೆ ಮಧ್ಯಾಹ್ನ. ದಾರಿಯುದ್ದಕ್ಕೂ ಅಪ್ಪ ನನಗೆ ಸಾಸಿವೆಯ ವಿಷಯವನ್ನೇ ಹೇಳುತ್ತಾ ಬಂದ. ಅದರ ಘಾಟು ಬೆಳ್ಳಿಗೆ ಹೇಗೆ ಹತ್ತಿರಬಹುದು, ಡಬ್ಬಿ ಖಾಲಿಯಾದಾಗೆಲ್ಲ ಹೊಸ ಕಾಳು ಬಿದ್ದು ಮಗ್ಗುಲು ಹೇಗೆ ಬದಲಾಗಿರಬಹುದು. ಕ್ಷಮೆ ಕೇಳಲು ಹೋಗುತ್ತಿದ್ದಾನೋ ರೂಪಾಯಿ ನೋಡಲು ಹೋಗುತ್ತಿದ್ದಾನೋ ಎಂದು ಅವ್ವ ನನ್ನ ಕಿವಿಯಲ್ಲಿ ಕೇಳಿ, ಎಷ್ಟೋ ತಿಂಗಳ ಮೇಲೆ ನಕ್ಕಳು. ಮಾವ ಮನೆಯ ಮುಂದೆ ಭತ್ತ ಒಣಹಾಕುತ್ತಿದ್ದ. ನಮ್ಮನ್ನು ಕಂಡವನೇ ಕೈಯಲ್ಲಿದ್ದುದನ್ನು ಬಿಟ್ಟು ನಿಂತ. ಅಪ್ಪ ಹೊಸಿಲು ಕೂಡ ದಾಟಲಿಲ್ಲ, ಅಂಗಳದಲ್ಲೇ ಹೇಳಿದ.

'ಚಿಕ್ಕಣ್ಣ, ನನ್ ಕಣ್ಣು ಕೆಟ್ಟಿತ್ತು ಕಣಯ್ಯ. ನಿನ್ ಅಕ್ಕ ಎಲ್ಲಾನೂ ಯೋಳುದ್ಲು. ತಪ್ಪಾಯ್ತು. ತಗಿ, ಇನ್ನೊಂದ್ಸಲ ನೋಡ್ತೀನಿ ಅದನ್ನ.'

ಮಾವ ಅಕ್ಕನನ್ನು ನೋಡಿದ. ಅವ್ವ ತಲೆಯಾಡಿಸಿದಳು. ಅವನು ಒಳಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ತಟ್ಟೆ ಇರಲಿಲ್ಲ, ಮುಷ್ಟಿ ಮುಚ್ಚಿತ್ತು. ಅಪ್ಪನ ಅಂಗೈ ಮೇಲೆ ಇಟ್ಟ. ರೂಪಾಯಿ ಬಿಳೀ ಬೆಳ್ಳಗಿತ್ತು. ನೀಲಿ ಇಲ್ಲ, ನೇರಳೆ ಇಲ್ಲ, ಒಂದು ಚುಕ್ಕಿಯೂ ಇಲ್ಲ.

'ಬಣ್ಣ ಇದ್ರೆ ತಾನೆ ಬಾವ ಎಲ್ಲೀದು ಅಂತ ಕೇಳೋದು? ಅವತ್ತು ನೀವು ಕೇಳುದ್ರಿ, ನಾಳೆ ಇನ್ಯಾರೋ ಕೇಳ್ತಾರೆ. ನನ್ ಬಾಯಿಂದ ಅಕ್ಕನ ಹೆಸರು ಬಂದುಬುಟ್ರೆ? ಅವತ್ತು ಮನೆಗೆ ಬಂದೋನೆ ಹುಣಸೇಹಣ್ಣು ಆಕಿ ಉಜ್ಜಿಬುಟ್ಟೆ.'

ನೀಲಿ ಕಂಡರೆ ಊಟ ಬಿಡುವ ಮನುಷ್ಯ ತನ್ನ ಕೈಯಾರೆ ಅದನ್ನು ಉಜ್ಜಿದ್ದ. ಅಪ್ಪ ಅಂಗಳದ ಕಲ್ಲಿನ ಮೇಲೆ ಕುಸಿದು ಕೂತ. ಅವನು ಅತ್ತದ್ದು ಕಂಡು ನನಗೆ ಆಗ ನಾಚಿಕೆಯಾಗಿತ್ತು. ಈಗ ನೆನೆದರೆ ಅವನ ಮೇಲೆ ಪ್ರೀತಿ ಉಕ್ಕುತ್ತದೆ. ಮಾವ ಪಕ್ಕದಲ್ಲಿ ನಿಂತು, ಹೋಗಲಿ ಬುಡಿ ಬಾವ, ಹೋಗಲಿ ಬುಡಿ ಎನ್ನುತ್ತಾ ತಾನೂ ಅಳುತ್ತಿದ್ದ. ಲೋಕದಲ್ಲಿ ಇನ್ನೆಲ್ಲೂ ಸಿಗದ ಒಂದು ಬಣ್ಣ ಹೋಯಿತೆಂದು ಇಬ್ಬರು ಗಂಡಸರು ಅಂಗಳದಲ್ಲಿ ಅಳುತ್ತಿದ್ದರೆ, ಅವ್ವ ಅಪ್ಪನ ಕೈಯಿಂದ ರೂಪಾಯಿ ತೆಗೆದುಕೊಂಡಳು. ಅಂಚು ಹಿಡಿಯಲಿಲ್ಲ, ಇಡೀ ಹಸ್ತದಲ್ಲಿ ಹಿಡಿದಳು. ಬಿಸಿಲಿಗೆ ತಿರುಗಿಸಿ, ಸೆರಗಿನ ತುದಿಯಿಂದ ಒಮ್ಮೆ ಒರೆಸಿ ನೋಡಿದಳು. ಅವಳ ಮುಖದಲ್ಲಿ ದುಃಖವೇ ಇರಲಿಲ್ಲ.

'ಯಾಕ್ ಅಳ್ತೀಯೋ ಚಿಕ್ಕಣ್ಣ' ಎಂದಳು. 'ಅವ್ವ ನನ್ ಮಡಿಲಿಗೆ ಆಕ್ದಾಗ ಇಂಗೇ ಇತ್ತು.'